ಜವರಪ್ಪನವರ ನಾಲ್ಕು ಸಾಲು
ಕೃಷ್ಣರಾಜನಗರದ ಕಾಲೇಜೊಂದರ ಸರ್ವರ್ ನೋಡಿಕೊಳ್ಳುವ ಜವರಪ್ಪನವರಿಗೆ ಹೊಸ ಕಮಾಂಡ್ ಎಂದರೆ ಸಂತೆಯಿಂದ ಈಗಷ್ಟೇ ಹೊಡೆದುಕೊಂಡು ಬಂದ ಹೋರಿ ಇದ್ದಂತೆ. ಕೊಂಬಿನ ಬಣ್ಣ ನೋಡಿ ಯಾರಾದರೂ ಅದನ್ನು ಮೊದಲ ದಿನವೇ ತುಂಬಿದ ಗಾಡಿಗೆ ಕಟ್ಟುತ್ತಾರೆಯೇ? ಸರ್ವರ್ ಕೋಣೆಗೆ ಅವರು ಚಪ್ಪಲಿ ಬಿಟ್ಟೇ ಹೋಗುತ್ತಾರೆ, ಕಪ್ಪು ಪರದೆಯ ಮೇಲೆ ಎರಡೇ ಬೆರಳಲ್ಲಿ ಟೈಪ್ ಮಾಡುತ್ತಾರೆ, ಎಂಟರ್ ಒತ್ತುವ ಮುಂಚೆ ಆ ಸಾಲನ್ನು ಲಗ್ನಪತ್ರಿಕೆಯಂತೆ ಗಟ್ಟಿಯಾಗಿ ಓದುತ್ತಾರೆ. ಜೊತೆಗೆ ಕೆಲಸ ಮಾಡುವ ರೇಣುಕಾ ವಾರಕ್ಕೊಂದು ಹೊಸ ಟೂಲ್ ಹುಡುಕಿ ತರುತ್ತಾಳೆ. “ಸರ್, ಇದು ಹತ್ತು ಪಟ್ಟು ಫಾಸ್ಟು, ಫೈಲುಗಳಿಗೆಲ್ಲ ಬಣ್ಣ ಬೇರೆ ಬರುತ್ತೆ.” “ಚೆಂದಾಗದೆ ಕಣವ್ವ. ಸರ್ವರ್‌ಗೆ ಮಾತ್ರ ಬ್ಯಾಡ, ಬುಡು.” ಅಲ್ಲಿ ನಡೆಯುವುದು ಅವರ ಹಳೆಯ ನಾಲ್ಕು ಸಾಲು ಕಮಾಂಡುಗಳೇ. ಅವನ್ನು ಗೋಲಿಯಷ್ಟು ದಪ್ಪದ ಅಕ್ಷರದಲ್ಲಿ ಬರೆದು ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ಕಾಲೇಜಿನ ಬೀಗ ತೆಗೆಯುವ ಪುಟ್ಟತಾಯಮ್ಮನನ್ನು ಪ್ರತಿ ಶನಿವಾರ ಕರೆದು, ಕುರ್ಚಿ ಎಳೆದು ಕೂರಿಸಿ, ಒಂದಕ್ಷರ ತಪ್ಪದಂತೆ ಆಕೆಯಿಂದ ಆ ನಾಲ್ಕು ಸಾಲು ಟೈಪ್ ಮಾಡಿಸುತ್ತಾರೆ. ಇದು ವಯಸ್ಸಾದವರ ಹುಚ್ಚು, ಹೊಸದೆಂದರೆ ಭಯ ಎಂದೇ ರೇಣುಕಾ ತಿಳಿದಿದ್ದಳು. ಮೊನ್ನೆ ಊಟದ ಹೊತ್ತಿನಲ್ಲಿ ಅವರ ಸ್ವಂತ ಲ್ಯಾಪ್‌ಟಾಪ್ ಕಣ್ಣಿಗೆ ಬಿತ್ತು. ಅವಳು ತಂದುಕೊಟ್ಟ ಟೂಲುಗಳೆಲ್ಲ ಅಲ್ಲಿ ಬಣ್ಣಬಣ್ಣವಾಗಿ ಓಡುತ್ತಿದ್ದವು. ಅವಳಿಗೇ ಗೊತ್ತಿಲ್ಲದ ಇನ್ನೆರಡು ಬೇರೆ! “ಇಷ್ಟೆಲ್ಲ ಬರುತ್ತಾ ಸರ್ ನಿಮಗೆ?” ಜವರಪ್ಪನವರು ಮುದ್ದೆ ಮುರಿದು ಸಾರಿಗೆ ಅದ್ದಿದರು. “ನಂಗೂ ಬತ್ತದೆ, ನಿಂಗೂ ಬತ್ತದೆ ಕಣವ್ವ. ನಾವಿಬ್ರೂ ಇಲ್ದಿದ್ ದಿನ ಸರ್ವರ್ ಮಲಿಕ್ಕಂಡ್ರೆ, ಎಬ್ಬಿಸೋಳು ಪುಟ್ಟತಾಯವ್ವ ತಾನೆ?”