ಏಳುವ ಪಾಳಿ

ನಮ್ಮ ಕಬಡ್ಡಿ ಮಾಸ್ತರು ಎಲ್ಲೇ ಕೂತರೂ ಎಡಗಾಲು ಕೋಲಿನಂತೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ಅದನ್ನು ಎಡವಿ ಗೊಣಗುತ್ತಿದ್ದರು. ರಾಣೆಬೆನ್ನೂರಿನ ಬಸ್ಸಿನಲ್ಲಿ ಕಂಡಕ್ಟರ್ ಅದನ್ನು ದಾಟಿಕೊಂಡೇ ಟಿಕೀಟು ಹರಿಯುತ್ತಿದ್ದ. ಹರೆಯದಲ್ಲಿ ಮೊಣಕಾಲಿಗೆ ಪೆಟ್ಟಾದಾಗ ಪಟ್ಟಿ ಬಿಗಿದು, ನೋವು ಮರೆಸುವ ಸೂಜಿ ಚುಚ್ಚಿಸಿ ಅವರನ್ನು ಆಡಿಸಿದ್ದರಂತೆ. ಆ ಪಂದ್ಯವೇನೋ ಗೆದ್ದರು. ಕಾಲು ಮಾತ್ರ ಮತ್ತೆ ಮಡಚಲಿಲ್ಲ.

ಎಂಬತ್ತರ ದಶಕದ ಕೊನೆಗೆ ಬ್ಯಾಡಗಿಯಲ್ಲಿ ಹುಡುಗಿಯರ ತಂಡ ಕಟ್ಟಿದವರು ಅವರೇ. ಹೊರಗಿನಿಂದ ತಯಾರಾದ ಆಟಗಾರ್ತಿಯರನ್ನು ತಂದು ಲಗೂನೆ ಕಪ್ ಎತ್ತುವ ಅವಸರ ತಂಡದ ಕಮಿಟಿಯವರಿಗೆ. ಮಾಸ್ತರು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಹೊಳೆಯಲ್ಲಿ ಈಜಿ ಉಸಿರು ಗಟ್ಟಿಯಾಗಿದ್ದ ಐರಣಿಯ ಹುಡುಗಿ, ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದ ನಾನು, ಹೀಗೆ ಒಬ್ಬೊಬ್ಬರನ್ನೇ ಹುಡುಕಿ, ಮನೆಯವರ ಕೈಕಾಲು ಹಿಡಿದು ಕರೆತಂದರು. ಕಾಲು ಮುರಿದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ನಮ್ಮವ್ವ ಕೇಳಿದಳು. “ಆಕಿ ಕಾಲಿಗೆ ನಾ ಹೊಣಿರಿ ಯವ್ವಾ,” ಅಂದರು ಮಾಸ್ತರು.

ಕಬಡ್ಡಿಯಲ್ಲಿ ಔಟಾದವರು ಗೆರೆಯಾಚೆ ಕೂಡ್ರಬೇಕು. ನಮ್ಮವರು ಎದುರಿನವರನ್ನು ಔಟ್ ಮಾಡಿದಂತೆಲ್ಲ, ಕೂತ ಸರದಿಯಲ್ಲೇ ಒಬ್ಬೊಬ್ಬರು ಎದ್ದು ಒಳಗೆ ಬರುತ್ತಾರೆ. ಪೆಟ್ಟಾದವರಿಗೂ ಮಾಸ್ತರು ಇದನ್ನೇ ಹೇಳುತ್ತಿದ್ದರು: “ಕುಂತಾಕಿಗೆ ಏಳೋ ಪಾಳಿ ಬಂದ ಬರ್ತೈತಿ, ತಂಗಿ. ಪಾಳಿ ಬರೂಕಿಂತ ಮೊದಲ ಏಳಬ್ಯಾಡ.”

ಹಾವೇರಿಯಲ್ಲಿ ಫೈನಲ್ಲಿನ ಹಿಂದಿನ ಪಂದ್ಯದಲ್ಲಿ ನನ್ನ ಮೊಣಕಾಲು ತಿರುಚಿತು. ಕಮಿಟಿ ಅಧ್ಯಕ್ಷರು ಸೂಜಿ ಸಮೇತ ಕಂಪೌಂಡರನನ್ನೇ ಕರೆತಂದರು. ಜನ ನನ್ನ ರೇಡ್ ನೋಡಲೆಂದೇ ಸೇರಿದ್ದಾರಂತೆ! ಹುಚ್ಚು ಹುಡುಗಿ, ನಾನೂ ಹೂಂ ಅಂದಿದ್ದೆ. ಮಾಸ್ತರು ನಾನಿದ್ದ ಕೋಣೆಯ ಬಾಗಿಲಿಗೆ ಅಡ್ಡ ಕೂತು ಎಡಗಾಲು ಚಾಚಿದರು.

“ಈ ಕಾಲು ದಾಟಿ ಒಳಗ ಹೋಗ್ರಿ. ದಾಟೂಮುಂದ ಒಮ್ಮೆ ಚಲೋತ್ನಂಗ ನೋಡ್ರಿ.”

ಯಾರೂ ದಾಟಲಿಲ್ಲ.

ನಾನಿಲ್ಲದೆ ತಂಡ ಸೋತಿತು. ಊರಿಗೆ ಮರಳಿದ ಕೂಡಲೇ ಕಮಿಟಿಯವರು ಮಾಸ್ತರನ್ನು ತೆಗೆದುಹಾಕಿದರು. ನಾಚಿಕೆಗೆಟ್ಟವರು. ಮರುವರ್ಷ ಕಾಲು ವಾಸಿಯಾಗಿ ನಾನು ಆಡಿದೆ, ಕಪ್ಪೂ ಬಂತು. ಹಾರ ಮಾತ್ರ ಅಧ್ಯಕ್ಷರ ಕೊರಳಿಗೆ ಬಿತ್ತು. ಮಾಸ್ತರು ಜನರ ನಡುವೆ ನೆಲದ ಮೇಲೆ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಅವರನ್ನು ವಾಪಸು ಕರೆಯಿರಿ ಎಂದು ನಾವು ಹುಡುಗಿಯರೆಲ್ಲ ಅಧ್ಯಕ್ಷರ ಮನೆಗೇ ಹೋದೆವು. ನೋಡೋಣ ಅಂದರು. ಆ ‘ನೋಡೋಣ’ಕ್ಕಿಷ್ಟು ಬೆಂಕಿ ಹಾಕ. ವರ್ಷಗಳೇ ಹೋದವು. ನಾನು ಸಿಟ್ಟಾದರೆ ಮಾಸ್ತರೇ ನನ್ನನ್ನು ಸಮಾಧಾನ ಮಾಡುತ್ತಿದ್ದರು, ತಮ್ಮದೂ ಪಾಳಿ ಬರುತ್ತದೆ ಎಂದು.

ಬರಲಿಲ್ಲ. ಅವರು ತೀರಿಕೊಂಡ ದಿನ, ಅವರ ಮನೆಯ ಪದ್ಧತಿಯಂತೆ ವಿಭೂತಿ ಹಚ್ಚಿ ಗೋಡೆಗೆ ಆನಿಸಿ ಕೂಡ್ರಿಸಿದ್ದರು. ಬಲಗಾಲು ಮಡಚಿದ್ದರು, ಎಡಗಾಲು ಚಾಚಿಯೇ ಇತ್ತು. ದೊಡ್ಡ ಹಾರ ಹಿಡಿದು ಬಂದ ಅಧ್ಯಕ್ಷರು, ನೋಡಲು ಸರಿ ಕಾಣುವುದಿಲ್ಲ, ಆ ಕಾಲನ್ನೂ ಒಂಚೂರು ಮಡಚಿ ಎಂದು ಮನೆಯವರಿಗೆ ಹೇಳಿದರು. ನನ್ನ ಪಿತ್ತ ನೆತ್ತಿಗೇರಿತು.

“ಮುಟ್ಟಬ್ಯಾಡ್ರಿ,” ಅಂದೆ. “ಏಳೋ ಪಾಳಿ ಅಂತೂ ನೀವು ಕೊಡಲಿಲ್ಲ. ಕುಂತಂಗರ ಕುಂದ್ರಲಿ ಬಿಡ್ರಿ.”

ಹಾರ ಹಾಕಬೇಕೆಂದರೆ ಆ ಕಾಲನ್ನು ದಾಟಬೇಕಿತ್ತು. ಅಧ್ಯಕ್ಷರು ಹಾರ ಹಿಡಿದು ಅಲ್ಲೇ ನಿಂತರು. ನಾನು ಮಾಸ್ತರ ಪಕ್ಕದಲ್ಲಿ, ಎರಡೂ ಮೊಣಕಾಲು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತೆ.