ಎಲ್ಲರ ಹಳೆಯ ಕೋಣೆ

ಕಡಿಯಾಳಿಯ ಸರ್ವೋತ್ತಮನ ಟ್ಯಾಕ್ಸಿಗೆ ಮಲೇಷ್ಯಾದವರು ಸಿಕ್ಕಿದರೆ ಬೇರೆ ಗಿರಾಕಿಯೇ ಬೇಡ. ಮೂವತ್ತು ವರ್ಷಗಳ ಹಿಂದೆ ಮಣಿಪಾಲದಲ್ಲಿ ಡಾಕ್ಟರಿಕೆ ಕಲಿತವರು ಈಗ ಹೆಂಡತಿ ಮಕ್ಕಳೊಂದಿಗೆ ಪ್ರವಾಸಕ್ಕೆ ಬರುತ್ತಾರೆ, ವರ್ಷದಿಂದ ವರ್ಷಕ್ಕೆ ಹೆಚ್ಚು ಬರುತ್ತಾರೆ. ಕಾಪುವಿನ ದೀಪಸ್ತಂಭಕ್ಕೆ ಹತ್ತು ನಿಮಿಷ, ಕಾರ್ಕಳದ ಗೊಮ್ಮಟನಿಗೆ ಒಂದು ಫೋಟೊ. ಆಮೇಲೆ ಎಲ್ಲರದೂ ಒಂದೇ ಹಟ: ನಾನು ಬಾಡಿಗೆಗಿದ್ದ ಕೋಣೆ ತೋರಿಸು.

ಆ ಕೋಣೆಗಳೆಲ್ಲಿವೆ? ಕೆಡವಿ ಫ್ಲ್ಯಾಟು ಕಟ್ಟಿ ಎಷ್ಟೋ ಕಾಲವಾಯಿತು. ಉಳಿದದ್ದು ಆಂಜೆಲಾ ಬಾಯಮ್ಮನ ಮನೆಯೊಂದೇ. ಸರ್ವೋತ್ತಮ ಎಲ್ಲರನ್ನೂ ಅಲ್ಲಿಗೇ ತರುತ್ತಾನೆ. ಎಪ್ಪತ್ತೆಂಟರ ಬಾಯಮ್ಮ ಕನ್ನಡಕದ ಮೇಲಿಂದ ನೋಡಿ, ತಮಗೆ ಬಂದ ಇಂಗ್ಲಿಷಿನಲ್ಲಿ, "ನೀರಿನ ನಳ್ಳಿ ಬಂದ್ ಮಾಡದೆ ಕಾಲೇಜಿಗೆ ಓಡುತ್ತಿದ್ದವನು ನೀನೇ ಅಲ್ವಾ?" ಎಂದು ಗದರುತ್ತಾರೆ. ಇಲ್ಲಿಯವರೆಗೆ ಬಂದ ಡಾಕ್ಟರುಗಳೆಲ್ಲ ಹೌದೆಂದಿದ್ದಾರೆ, ಕೆಲವರು ಕ್ಷಮೆಯನ್ನೂ ಕೇಳಿದ್ದಾರೆ. ಇದನ್ನು ಮೋಸ ಎನ್ನುವವರು ಎನ್ನಲಿ. ಇಷ್ಟು ಸಂತೋಷ ಕೊಡುವ ಮೋಸ ನಮ್ಮೂರಿನಲ್ಲಿ ಬೇರೊಂದಿಲ್ಲ.

ಕಳೆದ ಡಿಸೆಂಬರಿನಲ್ಲಿ ಡಾಕ್ಟರ್ ಅಜ್ಮಿ ಸಂಸಾರ ಸಮೇತ ಬಂದರು. ಮುಂದಿನ ವರ್ಷ ಅವರ ಬ್ಯಾಚಿನ ನಲವತ್ತು ಕುಟುಂಬಗಳು ಬರುವುದಿತ್ತು. ಗಾಡಿ ಯಾರದೆಂದು ನಿರ್ಧರಿಸುವವರು ಇವರೇ. ಸರ್ವೋತ್ತಮ ಆ ಬಾಡಿಗೆ ತನಗೆ ಸಿಕ್ಕಿಯೇಬಿಟ್ಟಿತೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದ.

ಬಾಯಮ್ಮ ಆ ದಿನ ಗದರಲಿಲ್ಲ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. "ದೇವಾ, ನೀನು ನಿಜವಾಗಿ ಇಲ್ಲೇ ಇದ್ದವನು. ಊರಿಗೆ ಹೋಗಬೇಕೆಂದು ಅಳುತ್ತಿದ್ದವನಿಗೆ ನಾನೇ ಗಂಜಿ ಕುಡಿಸಿದ್ದೆ."

ಇಷ್ಟು ವರ್ಷಗಳಲ್ಲಿ ಬಾಯಮ್ಮ ಪ್ರವಾಸಿಗರಿಗೆ ಹೇಳಿದ ಮೊದಲ ನಿಜ ಅದು. ಅದೇ ಮುಳುವಾಯಿತು. ಮಕ್ಕಳು ಕಿಸಕ್ಕೆಂದು ನಕ್ಕರು, ಡಾಕ್ಟರರ ಕಿವಿ ಕೆಂಪಾಯಿತು. "ನಾನು ಅತ್ತದ್ದೇ ಇಲ್ಲ. ಇದು ನಾನಿದ್ದ ಮನೆಯೇ ಅಲ್ಲ. ನಡಿ, ಸರ್ವೋತ್ತಮ."

ಸರ್ವೋತ್ತಮ ಹುಬ್ಬಿನಲ್ಲೇ ಬಾಯಮ್ಮನಿಗೆ ಸನ್ನೆ ಮಾಡಿದ. ಅವರಿಗೆ ನೋವಾಗಿತ್ತು, ಆದರೂ ಎಂದಿನಂತೆ ಕನ್ನಡಕದ ಮೇಲಿಂದ ನೋಡಿದರು.

"ಹೌದು, ತಪ್ಪಾಯಿತು. ನೀನು ನಳ್ಳಿ ಬಂದ್ ಮಾಡದವನು."

"ಹಾಂ, ಅದು ನಾನೇ," ಎಂದು ಡಾಕ್ಟರರು ಅರಳಿದರು. ಹೆಂಡತಿ ನಳ್ಳಿಯ ಫೋಟೊ ತೆಗೆದರು.

ಎಲ್ಲರೂ ಗಾಡಿ ಹತ್ತಿದ ಮೇಲೆ ಡಾಕ್ಟರರು ಟೋಪಿ ಮರೆತೆನೆಂದು ಇಳಿದರು. ಟೋಪಿ ಅವರ ಕೈಯಲ್ಲೇ ಇತ್ತು. ಸರ್ವೋತ್ತಮ ಗಾಬರಿಯಿಂದ ಹಿಂದೆಯೇ ಹೋದ. ಅಡುಗೆಮನೆಯಲ್ಲಿ ಡಾಕ್ಟರರು, ಹಿಂದೆ ವಾರ್ಡಿನ ರೋಗಿಗಳಿಂದ ಕಲಿತ ಕನ್ನಡದಲ್ಲಿ ಕೇಳುತ್ತಿದ್ದರು: "ಎಷ್ಟು ದಿನ ಅಳುತ್ತಿದ್ದೆ, ಬಾಯಮ್ಮ?"

"ಒಂಬತ್ತು ದಿನ. ಹತ್ತನೆಯ ದಿನ ಇನ್ನೊಂದು ಬಟ್ಟಲು ಗಂಜಿ ಕೇಳಿದ್ದೆ ನೀನು."

ಡಾಕ್ಟರರು ಅವರ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಆಮೇಲೆ ಬಾಗಿಲಲ್ಲಿ ನಿಂತವನನ್ನು ಕಂಡು ಮುಖ ಒರೆಸಿಕೊಂಡರು.

"ನಲವತ್ತು ಕುಟುಂಬವೂ ನಿನ್ನ ಗಾಡಿಯಲ್ಲೇ, ಮಾರಾಯ. ಆದರೆ ಒಬ್ಬರನ್ನೂ ಇಲ್ಲಿಗೆ ತರಬೇಡ. ಇದು ನನ್ನ ಮನೆ."