ರೆಕ್ಕೆಯೊಳಗೆ ಸಿಕ್ಕಿಕೊಂಡ ಕೈ

ಕೇಳಿ ಸ್ನೇಹಿತರೇ, ಇವತ್ತು ನನ್ನ ಕೈ ವಿಮಾನದ ರೆಕ್ಕೆಯೊಳಗೆ ಸಿಕ್ಕಿಕೊಂಡಿತ್ತು. ಗಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿರೋ ನಮ್ಮೆಜಮಾನರು ಗಣಿಯೂರು ಊರಿಗಾಂನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ವರ್ಷಗಳಿಂದ ಸ್ವಂತ ವಿಮಾನ ಕಟ್ಟುತ್ತಿದ್ದಾರೆ. ದೀಪದ ವೈರ್ ಹಾಯಿಸೋಕೆ ಅಂತ ರೆಕ್ಕೆಯೊಳಗೆ ತೂರಿಸುತ್ತಿದ್ದ ಪೈಪು ನಡುವೆ ನಿಂತುಬಿಟ್ಟಿತು. "ನಿನ್ ಕೈ ಸಣ್ಣದು, ಒಳಗಾಕಿ ಎಳಿಯೇ" ಅಂದರು.

ಎಳೆದೆ. ಪೈಪು ಬಂತು, ಕೈ ಬರಲಿಲ್ಲ. ರೆಕ್ಕೆಯೊಳಗಿನ ಅಡ್ಡಪಟ್ಟಿಯ ತೂತಿನಲ್ಲಿ ಮೊಣಕೈ ಕಚ್ಚಿಕೊಂಡಿತ್ತು. ಎಣ್ಣೆ ಸುರಿದರೂ ಜಾರಲಿಲ್ಲ. ಬೆರಳು ಮರಗಟ್ಟತೊಡಗಿದವು.

"ರೆಕ್ಕೆ ಕುಯ್ರೀ!" ಅಂತ ಕಿರುಚಿದೆ.

"ವಸಿ ತಡ್ಕೊಳ್ಳೇ, ಇನ್ನೊಂದ್ಸಲ ನೋಡಾನ."

"ರೆಕ್ಕೆ ಬೇಕೋ ಎಂಡ್ತಿ ಬೇಕೋ, ಯೇಳ್ರೀ!"

ಗರಗಸ ತಂದು, ತಾವೇ ಕೂರಿಸಿದ್ದ ಪಟ್ಟಿಯನ್ನು ಕೊಯ್ದರು. ಊದಿದ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟರು. ನನಗಾಗಿಯೋ, ರೆಕ್ಕೆಗಾಗಿಯೋ ಅಂತ ನಾನು ಕೇಳಲಿಲ್ಲ. ಕೇಳಬಾರದು ಅಂತ ತಿಳಿಯುವಷ್ಟು ಸಂಸಾರ ಮಾಡಿದ್ದೀನಿ.